ಬಸ್ಸಿನ ಮೇಲಲ್ಲ, ಬಸ್ಸಿನಲ್ಲಿ

ಧರ್ಮಪುರಿ ಬಿಟ್ಟು ಸೇಲಂ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿಗೇ ಅದಿಯಮಾನ್‌ಕೋಟೆ ಸಿಗುತ್ತದೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ನ್ನು, ಹೊಸೂರಿನಿಂದ ರಾಯಕೋಟೆ, ಪಾಲಕ್ಕೋಡು ಹಾದು ಬರುವ 844 ಬಂದು ಕೂಡುವುದು ಇಲ್ಲಿ. ಸೇಲಂನಿಂದ ಬೆಂಗಳೂರಿಗೆ ಹೊರಟವರಿಗೆ ಇಲ್ಲಿಂದ ಎರಡು ದಾರಿಗಳಿವೆ. ಕೃಷ್ಣಗಿರಿ ಮೇಲೆ ಹೋಗಬಹುದು, ಪಾಲಕ್ಕೋಡು ಮೇಲೂ ಹೋಗಬಹುದು. ಹೊಸೂರಿನಲ್ಲಿ ಎರಡೂ ಮತ್ತೆ ಸೇರುತ್ತವೆ. ಕನ್ನಡದವರು ಬಾಯಲ್ಲಿ ‘ಮೇಲೆ’ ಎನ್ನುವ ಕಡೆ ಬಸ್ಸಿನ ಬೋರ್ಡು ‘ವಯಾ’ ಎನ್ನುತ್ತದೆ.

ಈ ವಯಾ ಲ್ಯಾಟಿನ್ನಿನದು. ದಾರಿ ಎಂಬ ನಾಮಪದಕ್ಕೆ ನಮ್ಮ ‘ಇಂದ’ದಂಥ ವಿಭಕ್ತಿ ಹತ್ತಿದ ರೂಪ, ಅಂದರೆ ‘ದಾರಿಯಿಂದ’. ಬಸ್ ಎಂಬ ಮಾತಿನ ಕಥೆ ಇನ್ನೂ ಸೊಗಸು. 1820ರ ದಶಕದಲ್ಲಿ ಫ್ರಾನ್ಸಿನ ನಾಂಟ್ ಪಟ್ಟಣದಲ್ಲಿ ಸ್ಟಾನಿಸ್ಲಾಸ್ ಬೋದ್ರಿ ಎಂಬಾತ ಎಲ್ಲರೂ ಕಾಸು ಕೊಟ್ಟು ಕೂರಬಹುದಾದ ಕುದುರೆಗಾಡಿ ಓಡಿಸಿದ. ಅದಕ್ಕೆ ಓಮ್ನಿಬಸ್ ಎಂಬ ಹೆಸರು ನಿಂತಿತು. 1829ರಲ್ಲಿ ಜಾರ್ಜ್ ಶಿಲಿಬಿಯರ್ ಅದನ್ನು ಲಂಡನ್ನಿನ ಬೀದಿಗೆ ತಂದ. ಓಮ್ನಿಬಸ್ ಎಂದರೆ ‘ಎಲ್ಲರಿಗೆ’. ಮುಂದೆ ಜನ ‘ಎಲ್ಲರ’ನ್ನು ಉದುರಿಸಿ ಬರೀ ‘ಗೆ’ಯನ್ನು ಉಳಿಸಿಕೊಂಡರು. ಜಗತ್ತು ದಿನವೂ ಹತ್ತಿ ಇಳಿಯುವ ವಾಹನದ ಹೆಸರು ಒಂದು ಚತುರ್ಥಿ ವಿಭಕ್ತಿ ಪ್ರತ್ಯಯ! ತಮಿಳುನಾಡಿನಲ್ಲಿ ಮಾತ್ರ ಉದುರಿದ ಭಾಗಕ್ಕೂ ಇನ್ನೂ ಜೀವವಿದೆ. ರಾತ್ರಿ ಹೊತ್ತು ಈ ಹೆದ್ದಾರಿಯಲ್ಲಿ ಓಡುವ ಖಾಸಗಿ ಬಸ್ಸುಗಳನ್ನು ಅಲ್ಲಿ ಎಲ್ಲರೂ ‘ಓಮ್ನಿ ಬಸ್’ ಎಂದೇ ಕರೆಯುತ್ತಾರೆ.

ವಿಭಕ್ತಿಯ ಮಾತು ಈ ನೆಲಕ್ಕೆ ಹೊರಗಿನದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಂ ಕಾವ್ಯಗಳ ಅದಿಯಮಾನ್ ನೆಡುಮಾನ್ ಅಂಜಿಯ ಊರು ಅದು. ಮುಂದೆ ನೊಳಂಬರ ಕಾಲದಲ್ಲಿ, 9ನೇ ಶತಮಾನದಲ್ಲಿ, ಅಲ್ಲೇ ಕನ್ನಡ ಶಾಸನಗಳು ಹುಟ್ಟಿದವು. 1792ರಲ್ಲಿ ಟಿಪ್ಪು ಬಿಟ್ಟುಕೊಡುವ ತನಕ ಈ ಬಾರಾಮಹಲ್ ಸೀಮೆ ಮೈಸೂರಿನದಾಗಿತ್ತು. ಇಂದಿಗೂ ಹೊಸೂರಿನ ಸುತ್ತ, ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಕೇಳಿಸುತ್ತದೆ. ಆ ಮನೆಗಳ ಮಕ್ಕಳ ಪಾಲಿಗೆ ಮನೆಯಲ್ಲಿ ‘ಬಸ್ಸಲ್ಲಿ’, ಬೀದಿಯ ತಮಿಳಿನಲ್ಲಿ ‘ಬಸ್ಸುಲ’. ಎರಡೂ ಒಂದೇ ಅಚ್ಚಿನವು: ನಾಮಪದದ ಬಾಲಕ್ಕೆ ಒಂದು ಪ್ರತ್ಯಯ, ಅಷ್ಟೆ. ಕಾರಲ್ಲಿ, ರೈಲಲ್ಲಿ, ಆಟೋದಲ್ಲಿ, ವಿಮಾನದಲ್ಲಿ. ಸಪ್ತಮಿಗೆ ವಾಹನ ಯಾವುದಾದರೂ ಒಂದೇ.

ಇಂಗ್ಲಿಷ್ ತರಗತಿಯಲ್ಲಿ ತೊಡಕು ಶುರುವಾಗುವುದು ಇಲ್ಲೇ. ಕಾರಿಗೆ ‘ಇನ್’, ಬಸ್ಸಿಗೆ ‘ಆನ್’. ಆನ್ ಎಂದರೆ ಮೇಲೆ ಎಂದು ಕಲಿತ ಹುಡುಗಿಗೆ ‘ಆನ್ ದ ಬಸ್’ ಎಂದಾಗ ಕಾಣುವುದು ಬಸ್ಸಿನ ಟಾಪು, ಅದರ ಮೇಲೆ ಕಟ್ಟಿದ ಮೂಟೆಗಳು. ಕನ್ನಡದಲ್ಲಿ ಬಸ್ಸಿನ ಮೇಲೆ ಕೂತವನು ನಿಜಕ್ಕೂ ಬಸ್ಸಿನ ಮೇಲೆ ಕೂತವನೇ. ಅವಳ ಅನುಮಾನ ದಡ್ಡತನವಲ್ಲ, ಭಾಷೆಯನ್ನು ನಂಬಿದ್ದರ ಫಲ. ಅದಕ್ಕೆ ಉತ್ತರ ಕೊಡದೆ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಪದ್ಧತಿ ನಿಲ್ಲಬೇಕು.

ಉತ್ತರ ಮೈಯಲ್ಲಿದೆ. ಒಳಗೆ ಎದ್ದು ನಿಂತು, ನಾಲ್ಕು ಹೆಜ್ಜೆ ನಡೆಯಲು ಬರುವ ವಾಹನಕ್ಕೆ ಆನ್: ಬಸ್ಸು, ರೈಲು, ಹಡಗು, ವಿಮಾನ. ಬಗ್ಗಿ ನುಗ್ಗಿ ಕೂತ ಮೇಲೆ ಇಳಿಯುವ ತನಕ ಕೂತೇ ಇರಬೇಕಾದದ್ದಕ್ಕೆ ಇನ್: ಕಾರು, ಟ್ಯಾಕ್ಸಿ, ಆಟೋ, ಪುಟ್ಟ ದೋಣಿ. ಕಾಲು ಚಾಚಿ ಏರಿ ಕೂರುವ ಕುದುರೆ, ಸೈಕಲ್ಲು, ಬೈಕಿಗೆ ಮತ್ತೆ ಆನ್. ಈ ಕೊನೆಯ ಗುಂಪಿನಲ್ಲಿ ಕನ್ನಡವೂ ಜೊತೆಗಿದೆ, ‘ಕುದುರೆ ಮೇಲೆ’, ‘ಸೈಕಲ್ ಮೇಲೆ’ ಎಂದೇ ಹೇಳುತ್ತೇವೆ. ಮೇಷ್ಟ್ರು ಅಲ್ಲಿಂದ ಹೊರಟರೆ ಮಕ್ಕಳಿಗೆ ದಾರಿ ಸುಲಭ. ಲಾರಿ ಎರಡೂ ಕಡೆಯದು. ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಕೂತರೆ ಇನ್, ಹಿಂದೆ ಹುಲ್ಲಿನ ಹೊರೆಯ ಮೇಲೆ ಕೂತರೆ ಆನ್. ಲಾರಿ ಮಾಲೀಕರ ಊರಾದ ಸಂಕಗಿರಿ, ಬಾಡಿ ಕಟ್ಟುವುದಕ್ಕೆ ಹೆಸರಾದ ನಾಮಕ್ಕಲ್ ಎರಡೂ ಹತ್ತಿರವೇ ಇರುವ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ಇದು ಕಲ್ಲಿನಲ್ಲಿ ಕೊರೆದ ನಿಯಮವೂ ಅಲ್ಲ. ಹಳೆಯ ಬ್ರಿಟಿಷ್ ಬರಹಗಳಲ್ಲಿ ‘ಇನ್ ದ ಟ್ರೇನ್’ ಧಾರಾಳವಾಗಿ ಸಿಗುತ್ತದೆ. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಶುರುವಾಗಿ, 1913ರಲ್ಲಿ ಹೊಸೂರನ್ನು ಮುಟ್ಟಿ, ಎರಡನೆಯ ಮಹಾಯುದ್ಧದ ನಡುವೆ 1941ರಲ್ಲಿ ಮುಚ್ಚಿಹೋದ ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲಿನ ಕಾಲದ ಇಂಗ್ಲಿಷ್ ಅಂಥದ್ದು. ಆದ್ದರಿಂದ ಯಾರಾದರೂ ‘ಇನ್ ದ ಟ್ರೇನ್’ ಎಂದರೆ ಕೆಂಪು ಶಾಯಿ ಎತ್ತಿಕೊಳ್ಳುವ ಅಗತ್ಯವಿಲ್ಲ.

ತಿದ್ದಲೇಬೇಕಾದದ್ದು ‘ಬೈ’ಯ ಬಳಕೆ. ಬೈ ಬಸ್, ಬೈ ಟ್ರೇನ್, ಬೈ ಕಾರ್ ಸರಿ. ಬೈ ಬಂದಾಗ ವಾಹನ ಒಂದು ಬಗೆ ಮಾತ್ರ, ಇಂಥದ್ದೇ ಎಂದು ತೋರಿಸುವ ಹಾಗಿಲ್ಲ. ಅದಕ್ಕೆ ‘ನನ್ನ’ ಎಂಬುದನ್ನು ಅಂಟಿಸಿ ‘ಬೈ ಮೈ ಕಾರ್’ ಎಂದ ಕೂಡಲೇ ಇಂಗ್ಲಿಷಿನವರ ಕಿವಿಗೆ ಅಪಸ್ವರ. ಆಗ ಇನ್‌ಗೆ ಮರಳಬೇಕು, ‘ಇನ್ ಮೈ ಕಾರ್’. ಎಂಟು ಗಂಟೆಯ ಬಸ್ಸಿಗೂ ಹೀಗೆಯೇ, ‘ಆನ್ ದ ಏಯ್ಟ್ ಓ ಕ್ಲಾಕ್ ಬಸ್’. ‘ಬೈ ವಾಕ್’ ಎಂಬುದು ಬೈ ಬಸ್ಸಿನ ಸಾಲಿನಲ್ಲಿ ಬಂದು ನಿಂತ ನಮ್ಮದೇ ಸೃಷ್ಟಿ. ನಡಿಗೆಗೆ ಅವರು ಹೇಳುವುದು ‘ಆನ್ ಫುಟ್’, ಕಾಲ ಮೇಲೆ.

‘ಗೆಟ್ ಡೌನ್’ ವಿಷಯದಲ್ಲಿ ಅಷ್ಟು ಬಿಗಿ ಬೇಡ. ಇಂದಿನ ಇಂಗ್ಲಿಷಿನಲ್ಲಿ ಬಸ್ಸಿಗೆ ಗೆಟ್ ಆನ್, ಗೆಟ್ ಆಫ್. ಕಾರಿಗೆ ಗೆಟ್ ಇನ್, ಗೆಟ್ ಔಟ್. ಕನ್ನಡದ ‘ಇಳಿ’, ತಮಿಳಿನ ‘ಇರಂಗು’ ಎರಡಕ್ಕೂ ಕೆಳಗಿನ ದಿಕ್ಕು ಇರುವುದರಿಂದ ನಮ್ಮವರು ‘ಗೆಟ್ ಡೌನ್’ ಎನ್ನುತ್ತಾರೆ. ಕುದುರೆಗಾಡಿಯ ಕಾಲದಲ್ಲಿ ಇಂಗ್ಲಿಷರೂ ಹಾಗೆಯೇ ಇಳಿಯುತ್ತಿದ್ದರು. ಪರೀಕ್ಷೆಯಲ್ಲಿ ಆಫ್ ಬರೆಯಲಿ, ಕಂಡಕ್ಟರಿಗೆ ಡೌನ್ ಎನ್ನಲಿ. ಅಷ್ಟಕ್ಕೂ ಕಂಡಕ್ಟರನ ಬಾಯಲ್ಲಿ ಒಂದು ‘ಆನ್’ ಎಂದೋ ಕನ್ನಡವಾಗಿದೆ, ತಮಿಳೂ ಆಗಿದೆ. ಗಡಿಯ ಎರಡೂ ಬದಿ ಬಸ್ಸು ನಿಲ್ಲಿಸುವ ಕೂಗು ‘ಹೋಲ್ಡಾನ್’, ಹೊರಡಿಸುವ ಕೂಗು ‘ರೈಟ್’. ಹೋಲ್ಡಾನ್‌ನಲ್ಲಿ ಪ್ರಿಪೊಸಿಷನ್ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಬಸ್ಸು ಮಾತ್ರ ತಪ್ಪದೆ ನಿಲ್ಲುತ್ತದೆ.

ಅದಿಯಮಾನ್‌ಕೋಟೆ ದಾಟಿ ಸೇಲಂ ದಿಕ್ಕಿಗೆ ಇನ್ನೂ ಮುಂದೆ ಹೋದರೆ ತೊಪ್ಪೂರು ಘಾಟಿ. ರಸ್ತೆ ಒಂದೇ ಸಮನೆ ಇಳಿಯುವ ಈ ಜಾಗ ಲಾರಿ ಅಪಘಾತಗಳಿಗೆ ಕುಖ್ಯಾತ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಇಳಿಜಾರಿಗೆ ಬಿಡುವ ಚಾಳಿ ಅದಕ್ಕೊಂದು ಕಾರಣ. ಆಗ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕು ಕಾದು ಹಿಡಿತ ಬಿಡುತ್ತದೆ. ಇಂಗ್ಲಿಷಿನಲ್ಲಿ ನ್ಯೂಟ್ರಲ್‌ಗೂ ‘ಇನ್’, ಗಿಯರಿಗೂ ‘ಇನ್’. ಇಲ್ಲಿ ಕನ್ನಡದ ಸಪ್ತಮಿ ಅದಕ್ಕೆ ಸರಿಯಾಗಿ ಹೊಂದುತ್ತದೆ: ಗಿಯರಿನಲ್ಲಿ, ನ್ಯೂಟ್ರಲ್ಲಿನಲ್ಲಿ. ‘ಇನ್ ಲೋ ಗಿಯರ್’ ಎಂಬ ಪ್ರಯೋಗವನ್ನು ಈ ಸೀಮೆಯ ಶಾಲೆಗಳು ಮೊದಲ ಪಾಠಕ್ಕೆ ತರಬೇಕು. ತರಗತಿಯಲ್ಲಿ ಕೂತ ಎಷ್ಟೋ ಮಕ್ಕಳ ಅಪ್ಪಂದಿರು ಸ್ಟೀರಿಂಗ್ ಹಿಡಿದವರು. ಇಳಿಜಾರಿನಲ್ಲಿ ಕೆಳಗಿನ ಗಿಯರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ ಎಂಬುದನ್ನು ಆ ಮಕ್ಕಳು ಮನೆಯಲ್ಲಿ ಕನ್ನಡದಲ್ಲೇ ಕೇಳಿ ಬಂದಿರುತ್ತಾರೆ.