ಪ್ರಕ್ಷುಬ್ಧ ಪ್ರದೇಶ: ಒಂದು ಓದು

ಕತೆ ಓದುವ ಕಣ್ಣಿನಿಂದ ಕಾಯ್ದೆಯನ್ನೂ ಓದಬಹುದು. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಏಳೇ ಸೆಕ್ಷನ್‌ಗಳ ಬರಹ, ಸಣ್ಣಕತೆಗಿಂತಲೂ ಚಿಕ್ಕದು. ಯುದ್ಧ ಘೋಷಣೆಯಾಗದ ನೆಲದಲ್ಲಿ, ದೇಶದ ಪ್ರಜೆಗಳ ನಡುವೆಯೇ ಸೇನೆ ಬಂದೂಕು ಎತ್ತಲು ಅದೇ ಆಧಾರ.

ಎರಡನೇ ಸೆಕ್ಷನ್ ಹೇಳುತ್ತದೆ: ಮೂರನೇ ಸೆಕ್ಷನ್ ಪ್ರಕಾರ ಪ್ರಕ್ಷುಬ್ಧವೆಂದು ಘೋಷಿತವಾದದ್ದೇ ‘ಪ್ರಕ್ಷುಬ್ಧ ಪ್ರದೇಶ’. ಮೂರನೆಯದಕ್ಕೆ ಹೋದರೆ, ಸೇನೆಯ ನೆರವು ಬೇಕಾಗುವಷ್ಟು ಪ್ರಕ್ಷುಬ್ಧವಾಗಿದೆ ಎಂದು ರಾಜ್ಯಪಾಲರಿಗೋ ಕೇಂದ್ರಕ್ಕೋ ಅನಿಸಿದರೆ ಸಾಕು. ಶಾಲೆಯ ಹುಡುಗ ಹೀಗೆ ಉತ್ತರ ಬರೆದರೆ ಮೇಷ್ಟ್ರು ಸೊನ್ನೆ ಕೊಡುತ್ತಾರೆ.

ನಾಲ್ಕನೆಯದರಲ್ಲೂ ಅದೇ ಪದ, ‘ಅಭಿಪ್ರಾಯ’. ಐದು ಅಥವಾ ಹೆಚ್ಚು ಜನ ಸೇರಬಾರದೆಂಬ ಆಜ್ಞೆ ಮೀರಿದವರ ಮೇಲೆ, ಅಗತ್ಯವೆಂಬ ಅಭಿಪ್ರಾಯ ಮೂಡಿದರೆ, ಸಾವು ತರುವಷ್ಟು ಬಲವನ್ನೂ ಬಳಸಬಹುದು. ಮೊದಲು ಎಚ್ಚರಿಸಬೇಕು ನಿಜ, ಎಷ್ಟು ಎಂಬುದೂ ಅಭಿಪ್ರಾಯಕ್ಕೇ ಬಿಟ್ಟದ್ದು. ಉರ್ದುವಿನ ‘ಗುಮಾನ್’ ಕನ್ನಡಕ್ಕೆ ಬಂದು ಗುಮಾನಿಯಾಯಿತು. ಈ ಕಾಯ್ದೆಯಲ್ಲಿ ಅದು ಯಕೀನಿನ ಕುರ್ಚಿಯಲ್ಲಿ ಕೂತಿದೆ. ಕ್ವಿಟ್ ಇಂಡಿಯಾ ಚಳವಳಿ ಹತ್ತಿಕ್ಕಲು ವೈಸರಾಯ್ ಲಿನ್‌ಲಿಥ್‌ಗೋ 1942ರಲ್ಲಿ ತಂದ ಸುಗ್ರೀವಾಜ್ಞೆ ಈ ಅಧಿಕಾರವನ್ನು ಕ್ಯಾಪ್ಟನ್ ಮತ್ತು ಮೇಲಿನವರಿಗಷ್ಟೇ ಕೊಟ್ಟಿತ್ತು. ಸ್ವತಂತ್ರ ಭಾರತ ಹವಾಲ್ದಾರನಿಗೂ ಕೊಟ್ಟಿತು!

ಸೈನಿಕನಿಗೂ ಜೀವಭಯವಿದೆ, ಉಗ್ರರ ಗುಂಡಿಗೆ ಅವನೂ ಬಲಿಯಾಗಿದ್ದಾನೆ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಆರನೇ ಸೆಕ್ಷನ್ ಗುಂಡಿನಿಂದ ರಕ್ಷಿಸುವುದಿಲ್ಲ, ನ್ಯಾಯಾಲಯದಿಂದ ರಕ್ಷಿಸುತ್ತದೆ. ಕೇಂದ್ರದ ಅನುಮತಿಯಿಲ್ಲದೆ ಮೊಕದ್ದಮೆ ನಡೆಯುವಂತಿಲ್ಲ.

ನಮ್ಮ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ನೇತೃತ್ವದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಮಣಿಪುರದ ಆರು ‘ಎನ್‌ಕೌಂಟರ್’ಗಳನ್ನು ಪರಿಶೀಲಿಸಿತು. ಒಂದೂ ಅಸಲಿಯಾಗಿರಲಿಲ್ಲ. ಸತ್ತವರಲ್ಲಿ 12 ವರ್ಷದ ಬಾಲಕನೂ ಇದ್ದ. ಮಣಿಪುರದಲ್ಲಿರುವುದು ಯುದ್ಧವಲ್ಲ, ಆಂತರಿಕ ಕ್ಷೋಭೆ. ನಿಷೇಧ ಮೀರಿ ಆಯುಧ ಹಿಡಿದ ಮಾತ್ರಕ್ಕೆ ಯಾರೂ ‘ಶತ್ರು’ವಾಗುವುದಿಲ್ಲ ಎಂದು 2016ರಲ್ಲಿ ಕೋರ್ಟ್ ಹೇಳಿತು. ಇದೇ ಕೋರ್ಟ್ 1997ರಲ್ಲಿ ಕಾಯ್ದೆಯನ್ನು ಎತ್ತಿಹಿಡಿದಿತ್ತು.

ಜೀವನ್ ರೆಡ್ಡಿ ಸಮಿತಿ 2005ರಲ್ಲೇ ಕಾಯ್ದೆಯನ್ನು ರದ್ದುಮಾಡಿ, ಬೇಕಾದ ಅಂಶಗಳನ್ನು ಯುಎಪಿಎಗೆ ಸೇರಿಸಲು ಸೂಚಿಸಿತ್ತು. ಈ ಎರಡನೇ ಅರ್ಧ ನಮ್ಮ ಗಂಟಲಲ್ಲಿ ಇಳಿಯುವುದಿಲ್ಲ. ಯುಎಪಿಎಯಡಿ ವಿಚಾರಣೆಗಾಗಿ ವರ್ಷಗಟ್ಟಲೆ ಜೈಲಿನಲ್ಲಿ ಕಾದವರ ಮನೆಗಳು ನಮಗೆ ಅಪರಿಚಿತವಲ್ಲ.

2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಆರು ಕಲ್ಲಿದ್ದಲು ಗಣಿ ಕಾರ್ಮಿಕರನ್ನು ಸೇನೆ ಕೊಂದಿತು. ಪೊಲೀಸರು ಸೇನೆಯ 30 ಮಂದಿಯನ್ನು ಆರೋಪಿಗಳಾಗಿಸಿದರು. 2023ರಲ್ಲಿ ಕೇಂದ್ರ ಅನುಮತಿ ನಿರಾಕರಿಸಿತು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಕ್ತಾಯಗೊಳಿಸಿತು, ಎಂದಾದರೂ ಅನುಮತಿ ಸಿಕ್ಕರೆ ಮುಂದುವರಿಸಬಹುದು ಎಂಬ ಸಾಲಿನೊಂದಿಗೆ.