ಲೆಡ್ಜರ್ ನೋಡುವ ತಪಾಸಣೆ, ಗುಳಿಗೆ ನೋಡದ ತಪಾಸಣೆ

ಅಕ್ಕಲಕೋಟ ತಾಲೂಕಿನ ಕರಜಗಿಯ ಮಾಜಿ ಸೈನಿಕರು ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗೆ ಮೊದಲು ಅಕ್ಕಲಕೋಟಕ್ಕೆ ಬರಬೇಕು, ಅಲ್ಲಿಂದ ಸುಮಾರು 40 ಕಿ.ಮೀ. ದಾಟಿ ಸೊಲ್ಲಾಪುರದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ ಸೇರಬೇಕು. ಮಾಜಿ ಸೈನಿಕರ ಆರೋಗ್ಯಕ್ಕೆಂದೇ ಇರುವ ಈ ಯೋಜನೆ ಶುರುವಾದದ್ದು 2003ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ನಿವೃತ್ತರಿಗೆ ಸೇನಾ ಆಸ್ಪತ್ರೆಯೇ ಗತಿ, ಅದೂ ದಂಡು ಇರುವ ಊರಲ್ಲಿ. ಮೊದಲು ಮಂಜೂರಾದ 227 ಪಾಲಿಕ್ಲಿನಿಕ್‌ಗಳಿಗೆ 2010ರಲ್ಲಿ ಇನ್ನೂ 199 ಸೇರಿದವು. ಇದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿ ಸಿಗುವ ಚಿಕಿತ್ಸೆ ಹೇಗಿದೆ ಎಂದು ನೋಡುವ ಕ್ರಮ ಮಾತ್ರ ಅಷ್ಟು ದೂರ ಬೆಳೆದಿಲ್ಲ.

ಪಾಲಿಕ್ಲಿನಿಕ್ಕಿನ ಮೇಲೆ ಸ್ಟೇಷನ್ ಹೆಡ್‌ಕ್ವಾರ್ಟರ್ಸ್, ಅದರಾಚೆ ಪ್ರಾದೇಶಿಕ ಕೇಂದ್ರ, ಎಲ್ಲಕ್ಕೂ ಮೇಲೆ ದೆಹಲಿಯ ಕೇಂದ್ರ ಸಂಸ್ಥೆ. ತಪಾಸಣೆ ಈ ಸರಪಳಿಯೊಳಗೇ ನಡೆಯುತ್ತದೆ. ಸ್ಟಾಕ್ ಲೆಡ್ಜರ್, ಹಾಜರಿ, ದೂರಿನ ಪೆಟ್ಟಿಗೆ, ಅಗ್ನಿಶಾಮಕ, ಅವಧಿ ಮೀರಿದ ಔಷಧಿ, ಆಂಬುಲೆನ್ಸಿನ ಲಾಗ್‌ಬುಕ್. ಫೌಜಿನ ಶಿಸ್ತಿಗೆ ಒಗ್ಗುವ ಕೆಲಸವಿದು. ಇದನ್ನು ಹಗುರವಾಗಿ ಕಾಣಬೇಕಿಲ್ಲ. ಅವಧಿ ಮುಗಿದ ಅಡ್ರಿನಲಿನ್ ತುರ್ತು ಟ್ರೇಯಲ್ಲಿ ಉಳಿದರೆ ಜೀವ ಹೋಗುತ್ತದೆ.

ವಿಚಿತ್ರವೆಂದರೆ, ಪಾಲಿಕ್ಲಿನಿಕ್ ರೆಫರಲ್ ಬರೆದು ಕಳಿಸುವ ಖಾಸಗಿ ಆಸ್ಪತ್ರೆಗೆ ಯೋಜನೆಯೊಳಗೆ ಬರಲು ಎನ್‌ಎಬಿಎಚ್ ಎಂಬ ಆಸ್ಪತ್ರೆ ಗುಣಮಟ್ಟ ಮಂಡಳಿಯ ಮಾನ್ಯತೆ ಇರಬೇಕು, ಇಲ್ಲವೇ ಕ್ವಾಲಿಟಿ ಕೌನ್ಸಿಲಿನ ಪರಿಶೀಲನೆ ಆಗಬೇಕು. ಕಳಿಸುವವರಿಗೆ ಮಾತ್ರ ಅಂಥ ಹೊರಗಿನ ಪರೀಕ್ಷೆ ಕಡ್ಡಾಯವಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಎನ್‌ಕ್ಯೂಎಎಸ್ ಎಂಬ ರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಎಂಟು ವಿಭಾಗ. ಪ್ರತಿ ಅಂಶಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ. ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ತೆಗೆಸುವುದರ ಜೊತೆಗೆ ರೋಗಿಯನ್ನು ಮಾತಾಡಿಸುವುದೂ ಅದರ ವಿಧಾನದಲ್ಲೇ ಬರೆದಿದೆ. ಸೈನ್ಯದವರು ಇದನ್ನು ನಾಗರಿಕ ಇಲಾಖೆಯಿಂದ ಎರವಲು ಪಡೆದರೆ ಮಾನವೇನೂ ಹೋಗದು.

ರೋಗಿಯನ್ನು ಮಾತಾಡಿಸುವುದು ಅಂದೆ. ಯಾವ ಭಾಷೆಯಲ್ಲಿ? ಕರಜಗಿಯ ಕಡೆ ಮನೆಮಾತು ಕನ್ನಡ. ಇಪ್ಪತ್ತು ವರ್ಷ ಪಲ್ಟನ್ನಿನಲ್ಲಿದ್ದವರಿಗೆ ಹಿಂದಿ ನಾಲಿಗೆಯ ತುದಿಯಲ್ಲಿರುತ್ತದೆ. ಸಾಹೇಬರು ಕೇಳಿದರೆ 'ಸಬ್ ಠೀಕ್ ಹೈ ಸಾಬ್' ಎಂದು ಎದ್ದು ನಿಲ್ಲುತ್ತಾರೆ. ಊರಲ್ಲೇ ಉಳಿದು ಹೊಲ ನೋಡಿಕೊಂಡ ಅವರ ಹೆಂಡತಿಗೆ ಆ ಹಿಂದಿ ಬಂದಿರಬೇಕೆಂದಿಲ್ಲ, ಕಚೇರಿ ಮರಾಠಿಯೂ ಅಷ್ಟಕ್ಕಷ್ಟೆ. ಗಂಡ ತೀರಿಕೊಂಡ ಮೇಲೂ ಕಾರ್ಡು ಅವಳದೇ, ಗುಳಿಗೆಯೂ ಅವಳದೇ. ತಪಾಸಣೆಯ ದಿನ ಮೊದಲು ಮಾತಾಡಿಸಬೇಕಾದದ್ದು ಅವಳನ್ನು.

ಆಗ ಹೊರಬೀಳುವ ಸಂಗತಿ ಲೆಡ್ಜರಿನಲ್ಲಿರುವುದಿಲ್ಲ. ಸರ್ಕಾರಿ ಔಷಧಿ ಖರೀದಿಯಲ್ಲಿ ಕಂಪನಿ ಬದಲಾಗುತ್ತಲೇ ಇರುತ್ತದೆ. ಹೋದ ತಿಂಗಳು ಬಿಳಿ ಗುಳಿಗೆ, ಈ ತಿಂಗಳು ಹಳದಿ. ಒಳಗಿನ ಔಷಧಿ ಮಾತ್ರ ಅದೇ. ಅಕ್ಷರ ಓದಲಾಗದೆ ಬಣ್ಣ ಹಿಡಿದು ಗುಳಿಗೆ ನುಂಗುವ ಮುದುಕಿ ಹಳೆಯದನ್ನೂ ಹೊಸದನ್ನೂ ಸೇರಿಸಿ ತೆಗೆದುಕೊಂಡರೆ ರಕ್ತದ ಸಕ್ಕರೆ ಕುಸಿದು ರಾತ್ರಿ ಎಚ್ಚರ ತಪ್ಪಬಹುದು. ಇನ್ಸುಲಿನ್ನಿನದು ಇನ್ನೊಂದು ಕತೆ. ಕ್ಲಿನಿಕ್ಕಿನ ಫ್ರಿಜ್ಜಿನ ತಾಪಮಾನ 2ರಿಂದ 8 ಡಿಗ್ರಿಯೊಳಗಿದೆಯೇ ಎಂದು ಚಾರ್ಟ್ ನೋಡಿ ಟಿಕ್ ಹಾಕಬಹುದು. ಮೇ ತಿಂಗಳ ಸೊಲ್ಲಾಪುರದ ಬಿಸಿಲಲ್ಲಿ ಎಸ್‌ಟಿ ಬಸ್ಸಿನ ಸೀಟಿನ ಮೇಲೆ ಕೂತು ಅದೇ ಇನ್ಸುಲಿನ್ ಹಳ್ಳಿ ಮುಟ್ಟುವಷ್ಟರಲ್ಲಿ ಏನಾಯಿತು ಎಂಬುದಕ್ಕೆ ಯಾವ ಕಾಲಮ್ಮೂ ಇಲ್ಲ. ನಾಲ್ಕು ಜನರ ಚೀಲ ಬಿಚ್ಚಿಸಿ, 'ಬೆಳಿಗ್ಗೆ ಯಾವುದು ತಗೋತೀರಿ, ತೋರಿಸ್ರಿ' ಎಂದು ಕನ್ನಡದಲ್ಲಿ ಕೇಳಿದರೆ ಅರ್ಧ ತಪಾಸಣೆ ಅಲ್ಲೇ ಮುಗಿಯುತ್ತದೆ.

ಅಂಕಿಗಳನ್ನೇ ನಂಬಿದರೆ ಏನಾಗುತ್ತದೆಂದು ಅಮೆರಿಕ 2014ರಲ್ಲಿ ಕಂಡಿತು. ಫೀನಿಕ್ಸ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಾಯುವವರ ಹೆಸರು ಅಧಿಕೃತ ಪಟ್ಟಿಯಿಂದ ಹೊರಗೇ ಉಳಿದಿತ್ತು, ಕಾಗದದಲ್ಲಿ ವಿಳಂಬವೇ ಕಾಣುತ್ತಿರಲಿಲ್ಲ. ಆ ಹಗರಣದಲ್ಲಿ ಮಾಜಿ ಸೈನಿಕರ ಇಲಾಖೆಯ ಕಾರ್ಯದರ್ಶಿ ಎರಿಕ್ ಶಿನ್ಸೆಕಿ ರಾಜೀನಾಮೆ ಕೊಟ್ಟರು. ಆದರೂ ಅಲ್ಲೊಂದು ಒಳ್ಳೆಯ ಪದ್ಧತಿಯಿದೆ: ಸ್ವತಂತ್ರ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಕೇಂದ್ರಗಳ ಹೆಸರು ಹಿಡಿದು ವರದಿ ಪ್ರಕಟಿಸುತ್ತದೆ. ನಮ್ಮಲ್ಲಿ ಈ ಯೋಜನೆಯ ಬಗ್ಗೆ ಸಾರ್ವಜನಿಕರ ಕೈಗೆ ಬಂದ ದೊಡ್ಡ ವರದಿ 2015ರ ಸಿಎಜಿಯದು. ಅದು ಲೆಕ್ಕಪರಿಶೋಧನೆ, ಔಷಧಿ ಕೊರತೆಯನ್ನೂ ಆಸ್ಪತ್ರೆ ಬಿಲ್ಲುಗಳ ಲೋಪವನ್ನೂ ಎತ್ತಿ ತೋರಿಸಿತು.

ಕೊರತೆಯ ಪ್ರಶ್ನೆಯಲ್ಲೇ ಈಗಿನ ಕ್ರಮ ಹೆಚ್ಚು ಎಡವುವುದು. ಔಷಧಿ ಇಲ್ಲದಾಗ ಚೀಟಿಯ ಮೇಲೆ 'ಎನ್‌ಎ', ಅಂದರೆ ಲಭ್ಯವಿಲ್ಲ, ಎಂದು ಬೀಳುತ್ತದೆ. ನಿಗದಿತ ಅಂಗಡಿಯಿಂದ ತರಿಸಿಕೊಡುವವರೆಗೆ ಮತ್ತೊಂದು ಸುತ್ತು, ಮತ್ತೊಂದು ಬಸ್ಸು. ಸೇನೆಯ ಔಷಧಿ ಡಿಪೋದಿಂದ ಸರಬರಾಜಾಗದ್ದಕ್ಕೆ ಕ್ಲಿನಿಕ್ಕಿನ ಫಾರ್ಮಾಸಿಸ್ಟ್ ಏನು ಮಾಡಿಯಾನು? ಅವನೂ, ವೈದ್ಯರೂ, ಉಸ್ತುವಾರಿ ಅಧಿಕಾರಿಯೂ ಗುತ್ತಿಗೆಯವರು. ಗುತ್ತಿಗೆ ಮುಂದುವರಿಸುವ ಸರಪಳಿಯೇ ತಪಾಸಣೆಗೂ ಬಂದು ನಿಂತಾಗ 'ಮೂರು ತಿಂಗಳಿಂದ ಈ ಗುಳಿಗೆ ಬಂದಿಲ್ಲ' ಎಂದು ಬರೆದುಕೊಡುವ ಧೈರ್ಯ ಯಾರಿಗಿದ್ದೀತು? ಆದ್ದರಿಂದ ಎನ್‌ಎ ಆದ ಔಷಧಿಗಳ ಪಟ್ಟಿಯನ್ನು ಪ್ರತಿ ತಿಂಗಳು ಗೋಡೆಗೆ ಅಂಟಿಸಲಿ, ಮರಾಠಿ, ಹಿಂದಿಯ ಜೊತೆ ಕನ್ನಡದಲ್ಲೂ. ಅದರ ಪ್ರತಿ ಹಿಡಿದು ತಪಾಸಣಾ ತಂಡ ಸೊಲ್ಲಾಪುರಕ್ಕೆ ಬಂದು ಹೋದ ಮೇಲೆ ಡಿಪೋಗೂ ಹೋಗಲಿ.