ಕವಾಟ ಬದಲಿಸಿದರೆ ಮುಗಿಯಿತೇ?

ರುಮ್ಯಾಟಿಕ್ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ತೀರಾ ಕಿರಿದಾದವರ ವಿಷಯದಲ್ಲಿ ಒಂದು ಮಾತು ಬೇರೂರಿದೆ: ಬಲೂನಿನಿಂದ ಕವಾಟ ಹಿಗ್ಗಿಸುವುದು ತಾತ್ಕಾಲಿಕ, ಚಿಕ್ಕ ವಯಸ್ಸಿನವರಿಗೆ ಲೋಹದ ಕವಾಟ ಹಾಕಿಸಿಬಿಟ್ಟರೆ ಮತ್ತೆ ಚಿಂತೆಯಿಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಮಟ್ಟಿಗೆ ಈ ಮಾತನ್ನು ನಾನು ಒಪ್ಪುವುದಿಲ್ಲ.

ಲೋಹದ ಕವಾಟ ಬೇಗ ಸವೆಯುವುದಿಲ್ಲ, ನಿಜ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ 1990ರಲ್ಲಿ ಮೊದಲ ರೋಗಿಗೆ ಅಳವಡಿಸಿದ ದೇಶೀ ಕವಾಟ ಎಷ್ಟೋ ಬಡವರನ್ನು ಉಳಿಸಿದೆ. ಆದರೆ ಕವಾಟದ ಆಯುಷ್ಯ ಲೆಕ್ಕ ಹಾಕುವವರು ಅದರ ಜೊತೆಗೇ ಮನೆಗೆ ಬರುವ ಮಾತ್ರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರಾಮ್ ಬದುಕಿರುವವರೆಗೂ ಬೇಕು. ಮೈಟ್ರಲ್ ಜಾಗದಲ್ಲಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ 2.5ರಿಂದ 3.5ರೊಳಗೆ ನಿಲ್ಲಬೇಕು. ಇಳಿದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಬಹುದು, ಲಕ್ವ ಹೊಡೆಯಬಹುದು, ಏರಿದರೆ ರಕ್ತಸ್ರಾವ. ತಂಬಾಕು ಹದಗೊಳಿಸುವಾಗ ಬ್ಯಾರನ್ನಿನ ಬೆಂಕಿಯನ್ನು ಹಗಲೂ ರಾತ್ರಿಯೂ ಕಾಯಬೇಕು. ಆ ದಿನಗಳಲ್ಲಿ ಪಿರಿಯಾಪಟ್ಟಣದ ಹೆಣ್ಣುಮಗಳು ರಕ್ತಪರೀಕ್ಷೆಗೆಂದು ಬಸ್ಸು ಹತ್ತುವುದು ಸುಲಭವೇ? ಸೊಪ್ಪು ಮಾತ್ರೆಯ ಪರಿಣಾಮ ತಗ್ಗಿಸುತ್ತದೆಂದು 'ಸೊಪ್ಪು ಮುಟ್ಟಬೇಡಿ' ಎಂಬ ಸಲಹೆ ಬೇರೆ. ಬಸ್ಸಾರಿನ ಊರಿನಲ್ಲಿ ಅದು ನಡೆಯದ ಮಾತು, ಬೇಕಾಗಿಯೂ ಇಲ್ಲ. ದಿನವೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿಂದರೆ ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸಬಹುದು.

ಗರ್ಭಧಾರಣೆಯ ಪ್ರಶ್ನೆ ಇನ್ನೂ ಕಠಿಣ. ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು. ನಿಲ್ಲಿಸಿ ಹೆಪಾರಿನ್‌ಗೆ ಬದಲಾದರೆ ತಾಯಿಯ ಕವಾಟಕ್ಕೆ ಅಪಾಯ. ಇಪ್ಪತ್ತೈದರ ಸೊಸೆಗೆ ಇದನ್ನು ಆಪರೇಷನ್ನಿಗೆ ಮುಂಚೆ, ಅತ್ತೆ-ಗಂಡನ ಮೂಲಕವಲ್ಲ, ನೇರವಾಗಿ ಅವಳಿಗೇ ಹೇಳಬೇಕು.

ಬಲೂನ್ ಮಾಡಿಸಿದರೂ ಕವಾಟ ಮತ್ತೆ ಕಿರಿದಾಗುತ್ತದಲ್ಲ ಎನ್ನುವರು. ಆಗಬಹುದು. ಆದರೆ 1984ರಲ್ಲಿ ಜಪಾನಿನ ಇನೋಯೆ ವರದಿ ಮಾಡಿದ ಈ ವಿಧಾನ ರೋಗಿಯ ಸ್ವಂತ ಕವಾಟವನ್ನು ಉಳಿಸಿಕೊಡುತ್ತದೆ. ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಆಸ್ಪತ್ರೆ ಹತ್ತಿರವಿರುವಾಗ, ಎಕೋದಲ್ಲಿ ಎಸಳುಗಳು ಮೃದುವಾಗಿ ಕಂಡರೆ, ಹೆಚ್ಚು ಸೋರಿಕೆಯಿಲ್ಲದಿದ್ದರೆ, ಎಡ ಹೃತ್ಕರ್ಣದಲ್ಲಿ ಹೆಪ್ಪಿಲ್ಲದಿದ್ದರೆ, ಬಲೂನಿನಿಂದ ಹತ್ತು ವರ್ಷ ದಕ್ಕಿದರೂ ಆ ವರ್ಷಗಳಲ್ಲೇ ಹೆರಿಗೆ, ಮಕ್ಕಳ ಬಾಲ್ಯ ಕಳೆದಿರುತ್ತವೆ. ಅದನ್ನು ತಾತ್ಕಾಲಿಕ ಎಂದು ತಳ್ಳಿಹಾಕುವುದು ನನಗೆ ಒರಟಾಗಿ ಕಾಣುತ್ತದೆ. ಸುಣ್ಣಗಟ್ಟಿದ ಕವಾಟಕ್ಕೆ ಬಲೂನ್ ಹಠ ಹಿಡಿಯುವುದೂ ಅಷ್ಟೇ ತಪ್ಪು. ಅಲ್ಲಿ ಶಸ್ತ್ರಚಿಕಿತ್ಸೆಯೇ ಸರಿ.

ಶಸ್ತ್ರಚಿಕಿತ್ಸೆಯೇ ಆಗಬೇಕಾದಾಗಲೂ ವಯಸ್ಸೊಂದನ್ನೇ ನೋಡಿ ಲೋಹದ್ದೋ ಪ್ರಾಣಿ ಅಂಗಾಂಶದ ಜೈವಿಕ ಕವಾಟವೋ ಎಂದು ತೀರ್ಮಾನಿಸುವುದು ಅರ್ಧ ವೈದ್ಯ. ಜೈವಿಕ ಕವಾಟ ಚಿಕ್ಕವರಲ್ಲಿ ಬೇಗ ಸವೆಯುತ್ತದೆ, ಎರಡನೆಯ ಆಪರೇಷನ್ ಬರುತ್ತದೆ, ಇದನ್ನು ಬಚ್ಚಿಡಬೇಕಿಲ್ಲ. ಎಚ್.ಡಿ. ಕೋಟೆಯ ಹಾಡಿಯಿಂದ ಬಂದವಳ ಕೇಸ್‌ಶೀಟಿನಲ್ಲಿ ಮಾತ್ರ ಮೂರು ಉತ್ತರಗಳು ಮೊದಲೇ ಇರಬೇಕು: ಐಎನ್‌ಆರ್ ಎಲ್ಲಿ ಮಾಡಿಸುತ್ತಾಳೆ, ಫಲಿತಾಂಶ ನೋಡಿ ಡೋಸ್ ಬದಲಿಸುವವರು ಯಾರು, ಅವಳಿಗೆ ಇನ್ನೂ ಮಕ್ಕಳು ಬೇಕೇ.